ಸುಳ್ಳು ಹೇಳದೆ ಯಾಮಾರಿಸುವ ಕೆಲಸ

ನಾನು ಸಿನಿಮಾ ಎಡಿಟರ್. ಲವ್ ಸ್ಟೋರಿ ಕತ್ತರಿಸಿದ್ದೇನೆ, ಕಾಮಿಡಿ ಕತ್ತರಿಸಿದ್ದೇನೆ, ಹೊಡೆದಾಟದ ಸಿನಿಮಾಗಳೂ ಕೈದಾಟಿ ಹೋಗಿವೆ. ಆದರೆ ಯಾವ ಕೆಲಸ ಬಂದರೆ ಖುಷಿ ಅಂತ ಕೇಳಿದರೆ ಯೋಚನೆಯೇ ಬೇಡ, ಸೈಕಲಾಜಿಕಲ್ ಥ್ರಿಲ್ಲರ್. ಬೇರೆ ಸಿನಿಮಾಗಳಲ್ಲಿ ಕಥೆ ಸರಿಯಾಗಿ ಅರ್ಥವಾಗುವ ಹಾಗೆ ಕತ್ತರಿಸಬೇಕು. ಇಲ್ಲಿ ಮೊದಲ ಸಲ ತಪ್ಪಾಗಿ, ಎರಡನೇ ಸಲ ಸರಿಯಾಗಿ ಅರ್ಥವಾಗಬೇಕು. ಎರಡೂ ಸಲ ತೆರೆ ಮೇಲೆ ಇರುವುದು ಅದೇ ಶಾಟ್‌ಗಳು. ಮಜಾ ಇರುವುದೇ ಅಲ್ಲಿ.

ಇಂಥ ಸಿನಿಮಾಕ್ಕೆ ಜನ ಬರುವುದು ಕೊನೆಯ ಶಾಕ್‌ಗೋಸ್ಕರ ಅಂತ ನಿರ್ಮಾಪಕರು ನಂಬಿರುತ್ತಾರೆ. ‘ಟ್ವಿಸ್ಟ್ ಬಂದಾಗ ಸೀಟಿಂದ ಎದ್ದು ಬೀಳಬೇಕು’ ಅನ್ನುವುದು ಅವರ ಮೊದಲ ಮಾತು. ನನಗೆ ಕಂಡದ್ದು ಬೇರೆ. ಶಾಕ್ ಎರಡು ಮೂರು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅದಾದ ತಕ್ಷಣ ನೋಡುವವರ ತಲೆ ಹಿಂದಕ್ಕೆ ಓಡಲು ಶುರುವಾಗುತ್ತದೆ. ‘ಹಾಗಾದ್ರೆ ಅವತ್ತು ಊಟದ ಟೇಬಲ್ ಹತ್ರ ಅವಳು ಹಾಗೆ ನೋಡಿದ್ದು… ಅಯ್ಯೋ!’ ಈ ಅಯ್ಯೋ ಇದೆಯಲ್ಲ, ಜನ ಟಿಕೆಟ್ ತೆಗೆದುಕೊಳ್ಳುವುದು ಅದಕ್ಕೆ. ಈಗಷ್ಟೇ ನೋಡಿದ ಎರಡು ಗಂಟೆಯ ಸಿನಿಮಾವನ್ನು ಅವರು ತಲೆಯಲ್ಲೇ ಮತ್ತೆ ಎಡಿಟ್ ಮಾಡುತ್ತಾರೆ. ಆ ಎರಡನೇ ಎಡಿಟ್‌ಗೆ ಬೇಕಾದ ಸಾಮಾನನ್ನೆಲ್ಲ ಮೊದಲೇ ಜೋಡಿಸಿ ಇಡುವುದು ನನ್ನ ಕೆಲಸ.

ಕೊಲೆ ಯಾರು ಮಾಡಿದರು ಅನ್ನುವ ಸಿನಿಮಾಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಅಲ್ಲಿ ನಾವು ಸುತ್ತಲಿನವರನ್ನು ಅನುಮಾನಿಸುತ್ತೇವೆ, ಪತ್ತೆದಾರನನ್ನು ನಂಬುತ್ತೇವೆ. ಇಲ್ಲಿ ಯಾರ ಕಣ್ಣಿಂದ ಕಥೆ ನೋಡುತ್ತಿದ್ದೇವೋ ಆ ಕಣ್ಣೇ ಸರಿ ಇದೆಯೋ ಇಲ್ಲವೋ ಗೊತ್ತಿಲ್ಲ. ಆಟ ಹೊಸದೇನಲ್ಲ. 1920ರ ಜರ್ಮನ್ ಮೂಕಿ ಚಿತ್ರ ‘ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ’ಯಲ್ಲೇ ಕಥೆ ಹೇಳುವವನನ್ನು ನಂಬಬೇಕೋ ಬೇಡವೋ ಅನ್ನುವ ಪ್ರಶ್ನೆ ಇತ್ತು. ನೂರು ವರ್ಷ ಕಳೆದರೂ ಜನಕ್ಕೆ ಇದು ಬೇಸರ ಬಂದಿಲ್ಲ. ಯಾಕೆ ಅಂತ ನನಗೆ ತಿಳಿದದ್ದು ಒಂದು ಸಿನಿಮಾ ಕತ್ತರಿಸುವಾಗ. ಅದರ ಹೆಸರು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಗುಟ್ಟು ರಟ್ಟಾಗುತ್ತದೆ.

ಕಥೆ ಇಷ್ಟು. ಒಂದು ಮನೆ, ಅಕ್ಕ ಮತ್ತು ತಂಗಿ. ಹಿಂದೆ ಒಂದು ಅಪಘಾತ ಆಗಿದೆ. ಅದರಲ್ಲಿ ತಂಗಿಯ ಗಂಡ ತೀರಿಕೊಂಡಿದ್ದಾನೆ. ಅಕ್ಕನಿಗೆ ನೆನಪು ಉಳಿಯುತ್ತಿಲ್ಲ, ತಂಗಿ ಅವಳನ್ನು ನೋಡಿಕೊಳ್ಳುತ್ತಿದ್ದಾಳೆ. ಸಿನಿಮಾ ಪೂರ್ತಿ ತಂಗಿಯ ಜೊತೆಗೇ ನಡೆಯುತ್ತದೆ. ಅವಳಿಲ್ಲದ ಕೋಣೆಗೆ ಕ್ಯಾಮೆರಾ ಹೋಗುವುದೇ ಇಲ್ಲ. ನಿಜ ಏನೆಂದರೆ ನೆನಪು ಕಳೆದುಕೊಂಡವಳು ತಂಗಿ. ಗಾಡಿ ಓಡಿಸುತ್ತಿದ್ದವಳೂ ಅವಳೇ. ನಿಜ ಹೇಳಿದಾಗಲೆಲ್ಲ ಅವಳು ಕುಸಿದುಹೋಗುತ್ತಾಳೆ, ಸ್ವಲ್ಪ ದಿನಕ್ಕೆ ಮತ್ತೆ ಮರೆಯುತ್ತಾಳೆ. ನೋಡಿ ನೋಡಿ ಸಾಕಾದ ಅಕ್ಕ ಕೊನೆಗೆ ರೋಗಿಯ ಪಾತ್ರವನ್ನು ತಾನೇ ಹೊತ್ತುಕೊಂಡಿದ್ದಾಳೆ. ಯಾರನ್ನೋ ನೋಡಿಕೊಳ್ಳುವ ಜವಾಬ್ದಾರಿ ಇದ್ದರೆ ತಂಗಿ ನೆಟ್ಟಗಿರುತ್ತಾಳೆ, ಅದಕ್ಕೆ.

ಸ್ಕ್ರಿಪ್ಟ್ ಓದಿದಾಗಲೇ ನನಗೆ ಹಿಡಿಸಿದ್ದು ಇದು: ಗುಟ್ಟಿನ ಹಿಂದೆ ಒಂದು ಪ್ರೀತಿ ಇದೆ. ಗುಟ್ಟು ಗೊತ್ತಾದ ಮೇಲೆ ಸಿನಿಮಾ ಚಿಕ್ಕದಾಗುವುದಿಲ್ಲ, ದೊಡ್ಡದಾಗುತ್ತದೆ. ತುಂಬ ಥ್ರಿಲ್ಲರ್‌ಗಳು ಬೆಟ್ಟ ಅಗೆದು ಇಲಿ ಹಿಡಿದ ಹಾಗಿರುವುದು ಇದು ಇಲ್ಲದ್ದಕ್ಕೇ. ‘ಎಲ್ಲಾ ಕನಸು’ ಅಂತ ಮುಗಿಸುತ್ತಾರೆ. ಇಲ್ಲಾಂದ್ರೆ ‘ಅವನಿಗೆ ಮಾನಸಿಕ ಕಾಯಿಲೆ, ಅದಕ್ಕೇ ಕೊಲೆ ಮಾಡಿದ’ ಅಂತ ಮುಗಿಸುತ್ತಾರೆ. ಎರಡನೆಯದು ನನಗೆ ಸಿಟ್ಟೇ ಬರಿಸುತ್ತದೆ. ಕಾಯಿಲೆ ಇರುವವರೆಲ್ಲ ಚಾಕು ಹಿಡಿದು ತಿರುಗುತ್ತಾರೇನು? ಅದು ಅನ್ಯಾಯ. ಮೇಲಾಗಿ ಬರವಣಿಗೆಯ ಸೋಮಾರಿತನ.

ಕೆಲಸಕ್ಕೆ ಬರೋಣ. ಎಡಿಟ್ ಶುರು ಮಾಡುವಾಗ ನಾನು ಗುಟ್ಟನ್ನು ಮುಚ್ಚಿಡಲು ಹೋಗಲಿಲ್ಲ. ಮೊದಲ ರಫ್ ಕಟ್ ಅನ್ನು, ಅಂದರೆ ಸೀನ್‌ಗಳನ್ನು ಒರಟಾಗಿ ಜೋಡಿಸಿದ ಕರಡನ್ನು, ಗುಟ್ಟು ಬಿಟ್ಟುಕೊಟ್ಟೇ ಕತ್ತರಿಸಿದೆ. ತಂಗಿಯೇ ರೋಗಿ ಅಂತ ಮೊದಲ ಸೀನಿಂದಲೇ ನೋಡುವವರಿಗೆ ಗೊತ್ತಿದೆ ಅಂದುಕೊಂಡು ಸೀನ್‌ಗಳನ್ನು ಜೋಡಿಸಿದೆ. ಅಕ್ಕನ ಒಳ್ಳೊಳ್ಳೆ ಶಾಟ್‌ಗಳೆಲ್ಲ ಒಳಗೆ ಬಂದವು. ಅವಳು ಬಾಗಿಲ ಸಂದಿಯಿಂದ ನೋಡುವುದು, ತಂಗಿ ತಪ್ಪು ದಿನ ಹೇಳಿದಾಗ ತಿದ್ದಲು ಬಾಯಿ ತೆರೆದು ಸುಮ್ಮನಾಗುವುದು, ಎಲ್ಲವೂ. ನಿರ್ದೇಶಕರಿಗೆ ಗಾಬರಿ. ‘ಇದೇನ್ರೀ, ಹತ್ತು ನಿಮಿಷಕ್ಕೇ ಎಲ್ಲ ಗೊತ್ತಾಗುತ್ತಲ್ಲ’ ಅಂದರು. ‘ಗೊತ್ತಾಗಲಿ ಸಾರ್, ಇದು ನಮ್ಮಿಬ್ಬರಿಗೆ’ ಅಂದೆ.

ಹೀಗೆ ಮಾಡಲು ಕಾರಣ ಇದೆ. ಗುಟ್ಟು ಕಾಯುವುದನ್ನೇ ಮೊದಲ ಕೆಲಸ ಮಾಡಿಕೊಂಡರೆ ಅನುಮಾನ ಬರುವ ಪ್ರತಿಯೊಂದು ಶಾಟ್ ಕೂಡ ಕಸದಬುಟ್ಟಿಗೆ ಹೋಗುತ್ತದೆ. ಕೊನೆಗೆ ಉಳಿಯುವುದು ಯಾವ ಸುಳಿವೂ ಇಲ್ಲದ ಸಪ್ಪೆ ಸಿನಿಮಾ. ಟ್ವಿಸ್ಟ್ ಬಂದಾಗ ತಲೆ ಹಿಂದಕ್ಕೆ ಓಡುತ್ತದೆ, ಅಲ್ಲಿ ಏನೂ ಸಿಗುವುದಿಲ್ಲ. ಆಗ ಜನ ಮೋಸ ಹೋದೆವು ಅಂದುಕೊಳ್ಳುತ್ತಾರೆ. ಬೇಕಾದ್ದು ‘ನಾನೇ ಗಮನಿಸಲಿಲ್ಲವಲ್ಲ’ ಅನ್ನುವ ಭಾವನೆ. ಅದಕ್ಕೆ ಎಲ್ಲವನ್ನೂ ಮೊದಲು ಒಳಗೆ ಹಾಕಿಕೊಂಡು, ಆಮೇಲೆ ಒಂದೊಂದೇ ಫ್ರೇಮ್, ಅಂದರೆ ಶಾಟ್‌ನ ಒಂದೊಂದೇ ಬಿಡಿ ಚಿತ್ರ, ಸವರುತ್ತಾ ಹೋಗಬೇಕು.

ಫ್ರೇಮ್ ಸವರುವುದು ಅಂದೆನಲ್ಲ, ಮಾತ್ರೆಯ ಸೀನ್ ಹೇಳುತ್ತೇನೆ.

ರಾತ್ರಿ ಊಟ ಮುಗಿದಿದೆ. ಟೇಬಲ್ ಮೇಲೆ ಎರಡು ಮಾತ್ರೆ, ಒಂದು ಹಳದಿ, ಒಂದು ಬಿಳಿ. ತಂಗಿ ಹಳದಿ ಮಾತ್ರೆಯನ್ನು ಅಕ್ಕನ ಅಂಗೈಯಲ್ಲಿ ಇಡುತ್ತಾಳೆ. ಬಿಳಿಯದನ್ನು ತಾನು ನುಂಗುತ್ತಾಳೆ. ‘ನಂದು ಬರೀ ವಿಟಮಿನ್’ ಅಂತ ನಗುತ್ತಾಳೆ. ನಿಜದಲ್ಲಿ ಹಳದಿಯದೇ ವಿಟಮಿನ್, ಬಿಳಿಯದೇ ಔಷಧ. ಅಕ್ಕ ತನ್ನ ಮಾತ್ರೆಯನ್ನು ನೀರಿಲ್ಲದೆ ಸುಮ್ನೆ ಬಾಯಿಗೆ ಹಾಕಿಕೊಂಡು ತಂಗಿಯನ್ನೇ ನೋಡುತ್ತಾ ಕೂರುತ್ತಾಳೆ. ತಂಗಿ ನುಂಗಿದ್ದು ಖಾತ್ರಿಯಾದ ಮೇಲೆ ಅವಳ ಭುಜ ಇಳಿಯುತ್ತದೆ, ಉಸಿರು ಬಿಡುತ್ತಾಳೆ. ಸೀನ್ ಅಷ್ಟೇ.

ಅಕ್ಕನ ಆ ನೋಟಕ್ಕೆ ನಟಿ ಬೇರೆ ಬೇರೆ ಟೇಕ್ ಕೊಟ್ಟಿದ್ದರು. ಒಂದರಲ್ಲಿ ಕಣ್ಣು ತುಂಬಿತ್ತು, ನೋಡಿದರೆ ಎದೆ ಹಿಂಡುವ ಹಾಗೆ. ಒಂದರಲ್ಲಿ ಭಯ ಇತ್ತು. ಇನ್ನೊಂದರಲ್ಲಿ ಮುಖದಲ್ಲಿ ಏನೂ ಇರಲಿಲ್ಲ, ಬರೀ ನೋಟ. ಕಣ್ಣು ತುಂಬಿದ ಟೇಕ್ ಹಾಕೋಣ ಅಂತ ಎಲ್ಲರೂ ಹೇಳಿದರು. ನಾನು ಏನೂ ಇಲ್ಲದ ಮುಖವನ್ನು ಆರಿಸಿಕೊಂಡೆ.

ಈ ಆಯ್ಕೆಯ ಹಿಂದೆ ಎಡಿಟರ್‌ಗಳೆಲ್ಲ ಮೊದಲು ಕಲಿಯುವ ಒಂದು ಪಾಠ ಇದೆ. 1920ರ ಆಸುಪಾಸಿನಲ್ಲಿ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದ. ಮೊಝುಖಿನ್ ಎಂಬ ನಟನ ಭಾವನೆಯೇ ಇಲ್ಲದ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ, ಒಮ್ಮೆ ಹೆಣ್ಣೊಬ್ಬಳ ಜೊತೆ ಜೋಡಿಸಿ ತೋರಿಸಿದ. ನೋಡಿದವರು ಹಸಿವು, ದುಃಖ, ಆಸೆ ಎಲ್ಲವನ್ನೂ ಆ ಒಂದೇ ಮುಖದಲ್ಲಿ ಕಂಡು ನಟನನ್ನು ಹೊಗಳಿದರು ಅಂತ ಹೇಳುತ್ತಾರೆ. ಮುಖ ಖಾಲಿ ಇದ್ದರೆ ನೋಡುವವರೇ ಅದನ್ನು ತುಂಬುತ್ತಾರೆ. ಕಣ್ಣು ತುಂಬಿದ ಅಕ್ಕ ನಮಗೆ ಉತ್ತರ ಕೊಟ್ಟುಬಿಡುತ್ತಾಳೆ. ಭಯಪಟ್ಟ ಅಕ್ಕ ಇನ್ನೂ ಕೆಟ್ಟದು, ಅವಳು ಸುಳ್ಳು ಉತ್ತರ ಕೊಡುತ್ತಾಳೆ. ಖಾಲಿ ಮುಖ ಯಾರ ಪರವೂ ಅಲ್ಲ.

ಹಾಗಾಗಿ ಹಳದಿ ಮಾತ್ರೆಯ ಕ್ಲೋಸಪ್, ಅದರ ಹಿಂದೆಯೇ ಅಕ್ಕನ ಖಾಲಿ ಮುಖ. ಮೊದಲ ಸಲ ನೋಡಿದವರು ‘ಪಾಪ, ಇವಳು ನನಗೆ ಏನು ತಿನ್ನಿಸುತ್ತಿದ್ದಾಳೆ ಅಂತ ಅನುಮಾನ’ ಅಂದುಕೊಂಡರು. ಎರಡನೇ ಸಲ ನೋಡಿದವರಿಗೆ ಅದೇ ಮುಖದಲ್ಲಿ ‘ಇವತ್ತಾದರೂ ನುಂಗಮ್ಮ’ ಅನ್ನುವ ಕಾವಲು ಕಂಡಿತು. ನಾನು ಒಂದು ಫ್ರೇಮ್ ಕೂಡ ಬದಲಿಸಿಲ್ಲ.

ಕಷ್ಟ ಇದ್ದದ್ದು ಆ ಉಸಿರಿನಲ್ಲಿ. ಪೂರ್ತಿ ಇಟ್ಟರೆ ಚುರುಕು ಪ್ರೇಕ್ಷಕರು ಅಲ್ಲೇ ಹಿಡಿದುಬಿಡುತ್ತಾರೆ. ತೆಗೆದರೆ ಎರಡನೇ ಸಲ ನೋಡುವವರಿಗೆ ಆ ಸೀನಲ್ಲಿ ಏನೂ ಸಿಗುವುದಿಲ್ಲ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಭುಜ ಇಳಿಯಲು ಶುರುವಾಗಿ ಹತ್ತು ಫ್ರೇಮ್ ಆದ ಮೇಲೆ ಕತ್ತರಿಸಿದೆ. ಅಂದರೆ ಅರ್ಧ ಸೆಕೆಂಡೂ ಇಲ್ಲ. ಅದೇ ಕ್ಷಣಕ್ಕೆ ತಂಗಿ ಲೋಟವನ್ನು ಟೇಬಲ್ ಮೇಲೆ ಕುಕ್ಕುವ ಸದ್ದನ್ನು ಎಳೆದು ತಂದು ಅಕ್ಕನ ಮುಖದ ಮೇಲೆಯೇ ಹಾಕಿದೆ. ಠಣ್ ಅಂದ ತಕ್ಷಣ ಕಿವಿ ಆ ಕಡೆ ಹೋಗುತ್ತದೆ, ಕಣ್ಣೂ ಅದರ ಹಿಂದೆ ಹೋಗುತ್ತದೆ. ಅಷ್ಟರಲ್ಲಿ ಲೋಟದ ಶಾಟ್ ಬಂದಿರುತ್ತದೆ. ಭುಜ ಇಳಿದದ್ದು ತೆರೆ ಮೇಲೆ ಇದೆ, ಕಂಡವರು ಕಡಿಮೆ. ಇದನ್ನು ಎಂಟು ಫ್ರೇಮ್‌ಗೆ ಇಳಿಸಿ, ಹದಿನಾಲ್ಕಕ್ಕೆ ಏರಿಸಿ, ಮತ್ತೆ ಹತ್ತಕ್ಕೆ ಬರುವಷ್ಟರಲ್ಲಿ ನನ್ನ ಸಹಾಯಕ ಹುಡುಗ ‘ಸಾರ್, ಯಾರಿಗೂ ಗೊತ್ತಾಗಲ್ಲ ಬಿಡಿ’ ಅಂದ. ಗೊತ್ತಾಗಬಾರದು, ಆದರೆ ಇರಬೇಕು.

ಈಗ ಸುಳ್ಳಿನ ವಿಷಯ. ಈ ಸಿನಿಮಾದಲ್ಲಿ ಪಾತ್ರಗಳು ಸುಳ್ಳು ಹೇಳುತ್ತವೆ. ಅಕ್ಕ ಬೇಕಂತಲೇ ಹೇಳುತ್ತಾಳೆ, ತಂಗಿ ಗೊತ್ತಿಲ್ಲದೆ ಹೇಳುತ್ತಾಳೆ. ಅದಕ್ಕೆ ತಕರಾರಿಲ್ಲ. ಆದರೆ ಸಿನಿಮಾ ತಾನೇ ಸುಳ್ಳು ಹೇಳಬಾರದು ಅನ್ನುವುದು ನನ್ನ ಹಟ. ಸ್ಕ್ರಿಪ್ಟಿನಲ್ಲಿ ಅಪಘಾತದ ಒಂದು ಫ್ಲ್ಯಾಶ್‌ಬ್ಯಾಕ್ ಇತ್ತು. ಅದರಲ್ಲಿ ಅಕ್ಕ ಸ್ಟೀರಿಂಗ್ ಹಿಡಿದಿರುವುದನ್ನು ತೋರಿಸಿ, ಕೊನೆಗೆ ಅದೇ ಸೀನನ್ನು ತಂಗಿ ಓಡಿಸುವ ಹಾಗೆ ತೋರಿಸುವುದು ಅಂತ ಇತ್ತು. ಎರಡನ್ನೂ ಶೂಟ್ ಮಾಡಿದ್ದರು. ನಾನು ಮೊದಲನೆಯದನ್ನು ಟೈಮ್‌ಲೈನಿಂದ ತೆಗೆದೆ. ಒಂದಿಡೀ ಸಂಜೆ ನಿರ್ದೇಶಕರ ಜೊತೆ ವಾದ ನಡೆಯಿತು.

ಅವರ ವಾದ, ಅದು ತಂಗಿಯ ನೆನಪು, ನೆನಪು ತಪ್ಪಾಗಿರಬಹುದಲ್ಲ? ಹೌದು, ನೆನಪು ನಂಬಿಕಸ್ಥ ಅಲ್ಲವೇ ಅಲ್ಲ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನಶ್ಶಾಸ್ತ್ರಜ್ಞರು ಕಾರು ಅಪಘಾತದ ಫಿಲ್ಮ್ ತೋರಿಸಿ ಪ್ರಶ್ನೆ ಕೇಳಿದ್ದರು. ಕಾರುಗಳು ‘ತಾಗಿದಾಗ’ ಎಷ್ಟು ವೇಗ ಇತ್ತು ಅಂತ ಕೇಳಿದರೆ ಜನ ಕಡಿಮೆ ಹೇಳಿದರು, ‘ಅಪ್ಪಳಿಸಿದಾಗ’ ಅಂತ ಕೇಳಿದರೆ ಜಾಸ್ತಿ ಹೇಳಿದರು. ಒಂದು ವಾರದ ನಂತರ ಕರೆದು ಒಡೆದ ಗಾಜು ಕಂಡಿತೇ ಅಂತ ಕೇಳಿದರೆ, ‘ಅಪ್ಪಳಿಸಿದಾಗ’ ಅಂತ ಕೇಳಿಸಿಕೊಂಡವರಲ್ಲಿ ಹೆಚ್ಚು ಜನ ಕಂಡೆವು ಅಂದರು. ಫಿಲ್ಮಿನಲ್ಲಿ ಒಡೆದ ಗಾಜೇ ಇರಲಿಲ್ಲ. ಹಾಗಾಗಿ ತಂಗಿ ತಪ್ಪು ನೆನಪಿಟ್ಟುಕೊಳ್ಳುವುದು ಸಹಜವೇ.

ಆದರೆ ಥಿಯೇಟರಿನಲ್ಲಿ ಕೂತವರಿಗೆ ಕಣ್ಣಾರೆ ಕಂಡದ್ದು ನಿಜ. ಥ್ರಿಲ್ಲರ್‌ಗಳಿಗೇ ಹೆಸರಾದ ನಿರ್ದೇಶಕ ಹಿಚ್‌ಕಾಕ್‌ಗೇ ಈ ಬಿಸಿ ತಟ್ಟಿತ್ತು. 1950ರ ‘ಸ್ಟೇಜ್ ಫ್ರೈಟ್’ ಸಿನಿಮಾದ ಶುರುವಿನ ಫ್ಲ್ಯಾಶ್‌ಬ್ಯಾಕ್ ಪೂರ್ತಿ ಸುಳ್ಳು ಅಂತ ಕೊನೆಗೆ ಗೊತ್ತಾಗುತ್ತದೆ. ನೋಡಿದವರು ಸಿಟ್ಟಾದರು. ಹಾಗೆ ಮಾಡಬಾರದಿತ್ತು ಅಂತ ಆತನೇ ಮುಂದೆ ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರುಫೋ ಜೊತೆಗಿನ ಮಾತುಕತೆಯಲ್ಲಿ ಒಪ್ಪಿಕೊಂಡ. ಅದೇ ವರ್ಷದ, ಜಪಾನಿನ ನಿರ್ದೇಶಕ ಕುರೊಸಾವಾನ ‘ರಾಶೋಮನ್’ನಲ್ಲೂ ಒಂದಕ್ಕೊಂದು ಹೊಂದದ ಫ್ಲ್ಯಾಶ್‌ಬ್ಯಾಕ್‌ಗಳೇ ಇವೆ. ಯಾರೂ ಮೋಸ ಅನ್ನಲಿಲ್ಲ. ಯಾಕೆಂದರೆ ಅಲ್ಲಿ ಪ್ರತಿಯೊಂದೂ ಒಬ್ಬೊಬ್ಬರ ಹೇಳಿಕೆ ಅಂತ ಮೊದಲೇ ಗೊತ್ತು. ನಂಬುವುದು ಬಿಡುವುದು ನಮಗೆ ಬಿಟ್ಟದ್ದು.

ಕೊನೆಗೆ ರಾಜಿ ಆಯಿತು. ಅಪಘಾತದ ದೃಶ್ಯ ಇಲ್ಲ, ಬರೀ ಸದ್ದು. ಬ್ರೇಕಿನ ಕಿರುಚಾಟ, ಆಮೇಲೆ ಮಳೆ, ಆಮೇಲೆ ‘ಅಕ್ಕಾ’ ಅನ್ನುವ ಒಂದು ಕೂಗು. ತೆರೆ ಮೇಲೆ ಅಕ್ಕ ಕಿಟಕಿ ಹತ್ತಿರ ಕೂತಿರುವ ಮುಖ. ಸ್ಟೀರಿಂಗ್ ಹಿಂದೆ ಅಕ್ಕನನ್ನು ಕೂರಿಸಿದ್ದು ಪ್ರೇಕ್ಷಕರೇ. ನಾವು ಕೂರಿಸಲಿಲ್ಲ. ಆಮೇಲೆ ನಿಜ ತಿಳಿದಾಗ ಅವರಿಗೆ ನಮ್ಮ ಮೇಲೆ ಸಿಟ್ಟು ಬರುವುದಿಲ್ಲ. ತಮ್ಮ ಬಗ್ಗೆಯೇ ಒಂದು ತರಹದ ಆಶ್ಚರ್ಯ ಆಗುತ್ತದೆ. ನಾನು ಇಷ್ಟು ಸುಲಭವಾಗಿ ಒಬ್ಬಳ ಮೇಲೆ ತಪ್ಪು ಹೊರಿಸಿದೆನಾ ಅಂತ. ಥ್ರಿಲ್ಲರ್‌ನ ಹೆಸರಿನಲ್ಲಿ ‘ಸೈಕಲಾಜಿಕಲ್’ ಅಂತ ಇರುವುದು ಪಾತ್ರಗಳ ಮನಸ್ಸಿಗೆ ಮಾತ್ರ ಅಲ್ಲ ಅಂತ ನನಗೆ ಅನಿಸುವುದು ಇಂಥ ಜಾಗಗಳಲ್ಲೇ.

ಕಣ್ಣೆದುರೇ ಬಚ್ಚಿಡುವುದು ಇನ್ನೊಂದು ಮಜಾ. ಅಡುಗೆಮನೆಯ ಫ್ರಿಜ್ ಮೇಲೆ ಡಾಕ್ಟರ ಚೀಟಿ ಅಂಟಿಸಿತ್ತು. ಅದರಲ್ಲಿ ರೋಗಿಯ ಹೆಸರು ತಂಗಿಯದೇ. ಕಲಾ ನಿರ್ದೇಶಕರು ಅಷ್ಟು ನಿಯತ್ತಿನಿಂದ ಕೆಲಸ ಮಾಡಿದ್ದರು. ಅದನ್ನು ಬ್ಲರ್ ಮಾಡಿಸೋಣ ಅನ್ನುವ ಮಾತು ಬಂತು. ನಾನು ಬೇಡ ಅಂದೆ. ವಾಲ್ಟರ್ ಮರ್ಚ್ ಎಂಬ ದೊಡ್ಡ ಎಡಿಟರ್ ಒಂದು ಲೆಕ್ಕ ಹೇಳುತ್ತಾರೆ. ಒಳ್ಳೆಯ ಕಟ್‌ನಲ್ಲಿ ಶೇಕಡಾ 51 ಭಾವನೆಗೆ, 23 ಕಥೆಗೆ, 10 ಲಯಕ್ಕೆ, 7 ನೋಡುವವರ ಕಣ್ಣು ತೆರೆಯ ಯಾವ ಭಾಗದಲ್ಲಿದೆ ಅನ್ನುವುದಕ್ಕೆ. ಉಳಿದದ್ದು ಜಾಗದ ಲೆಕ್ಕಾಚಾರಕ್ಕೆ. ಥ್ರಿಲ್ಲರ್‌ನಲ್ಲಿ ಆ 7 ಸಾಲದು ಅನ್ನುವುದು ನನ್ನ ಅಭಿಪ್ರಾಯ. ದೊಡ್ಡವರ ಲೆಕ್ಕಕ್ಕೆ ತಿದ್ದುಪಡಿ ಹಾಕುವುದು ಉದ್ಧಟತನವೇ, ಇರಲಿ.

ಚೀಟಿ ಇರುವುದು ತೆರೆಯ ಬಲಭಾಗದಲ್ಲಿ. ಹಿಂದಿನ ಶಾಟ್ ಮುಗಿಯುವಾಗ ತಂಗಿಯ ಮುಖ ಎಡಭಾಗದಲ್ಲಿ ಇರುವ ಹಾಗೆ ನೋಡಿಕೊಂಡೆ. ಕಣ್ಣು ಅಲ್ಲೇ ನೆಟ್ಟಿದೆ. ಕಟ್ ಆದ ಕೂಡಲೇ ಎಡಭಾಗದಲ್ಲೇ ಅಕ್ಕ ಪಾತ್ರೆ ಕೆಳಗೆ ಬೀಳಿಸುತ್ತಾಳೆ. ಜಗಳ ಶುರು. ಚೀಟಿ ಹಲವು ಸೆಕೆಂಡು ಬಲಗಡೆ ಸ್ಪಷ್ಟವಾಗಿ ಇರುತ್ತದೆ. ಜಗಳ ಬಿಟ್ಟು ಅದನ್ನು ಓದುವವರು ಯಾರು? 1997ರಲ್ಲಿ ಡೇನಿಯಲ್ ಲೆವಿನ್ ಮತ್ತು ಡೇನಿಯಲ್ ಸೈಮನ್ಸ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿದ್ದರು. ಇಬ್ಬರು ಮಾತಾಡುವ ಒಂದು ಚಿಕ್ಕ ಫಿಲ್ಮಿನಲ್ಲಿ ಕಟ್ ಆದಾಗಲೆಲ್ಲ ಬಟ್ಟೆ, ತಟ್ಟೆ ಅಂತ ಏನಾದರೂ ಬೇಕಂತಲೇ ಬದಲಿಸಿದರು. ನೋಡಿದವರಿಗೆ ಹೆಚ್ಚುಕಡಿಮೆ ಏನೂ ಗೊತ್ತಾಗಲಿಲ್ಲ. ಇನ್ನೊಂದರಲ್ಲಿ ಕಟ್ ಆದ ಮೇಲೆ ನಟನನ್ನೇ ಬದಲಿಸಿದರು. ಅದೂ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ಮನುಷ್ಯನೇ ಬದಲಾದರೂ ಗೊತ್ತಾಗದ ಮೇಲೆ ಚೀಟಿ ಯಾವ ಲೆಕ್ಕ, ಅಲ್ವಾ?

ಸಂಗೀತದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಕ್ಕನ ಮುಖ ಬಂದಾಗಲೆಲ್ಲ ಮೈ ನಡುಗಿಸುವ ವಯಲಿನ್ ಬೇಕು ಅಂತ ಒಂದು ಬೇಡಿಕೆ ಇತ್ತು. ಅದೂ ಸುಳ್ಳೇ ಅಲ್ವಾ ಅಂತ ಯಾರಾದರೂ ಕೇಳಬಹುದು. ನಾವು ಮಾಡಿಕೊಂಡ ಒಪ್ಪಂದ, ಸಂಗೀತ ತಂಗಿಯ ಮನಸ್ಸಿನದ್ದು. ಅವಳಿಗೆ ಹೆದರಿಕೆ ಆದರೆ ವಯಲಿನ್ ಬರಲಿ, ಆಗದಿದ್ದರೆ ಬೇಡ. ಮಾತ್ರೆಯ ಸೀನಲ್ಲಿ ಅವಳು ನಿರಾಳವಾಗಿದ್ದಾಳೆ, ಅಲ್ಲಿ ಸಂಗೀತವೇ ಇಲ್ಲ.

ರಫ್ ಕಟ್ ಒಂದು ಹದಕ್ಕೆ ಬಂದ ಮೇಲೆ ಕಥೆ ಗೊತ್ತಿಲ್ಲದ ಕೆಲವರನ್ನು ಕೂರಿಸಿ ತೋರಿಸಿದೆವು. ಇಂಥ ಪ್ರದರ್ಶನದಲ್ಲಿ ನಾನು ತೆರೆ ನೋಡುವುದಿಲ್ಲ, ಪಕ್ಕದಲ್ಲಿ ಕೂತು ಜನರನ್ನು ನೋಡುತ್ತೇನೆ. ಯಾರು ಮುಂದಕ್ಕೆ ಬಾಗಿದರು, ಯಾರು ಫೋನ್ ತೆಗೆದರು, ಯಾರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು ಅಂತ. ಆಮೇಲೆ ‘ಇಷ್ಟ ಆಯ್ತಾ’ ಅಂತ ಕೇಳುವುದು ದಂಡ. ಎದುರಿಗೆ ಕೂತವರಿಗೆ ಯಾರೂ ಇಲ್ಲ ಅನ್ನುವುದಿಲ್ಲ. ನಾನು ಕೇಳುವುದು ಒಂದೇ: ಅರ್ಧ ಸಿನಿಮಾ ಆದಾಗ ನಿಮಗೆ ಯಾರ ಮೇಲೆ ಅನುಮಾನ ಇತ್ತು?

ಬಹಳಷ್ಟು ಜನ ‘ತಂಗಿ ಅಕ್ಕನಿಗೆ ವಿಷ ಹಾಕ್ತಿದ್ದಾಳೆ ಅಂದ್ಕೊಂಡ್ವಿ’ ಅಂದರು. ಕೇಳಿ ಖುಷಿಯಾಯಿತು. ಬೇಕಾಗಿದ್ದುದೂ ಅದೇ. ಇಂಥ ಸಿನಿಮಾ ನೋಡಲು ಬರುವವರು ಟ್ವಿಸ್ಟ್ ಇದೆ ಅಂತ ಗೊತ್ತಿದ್ದೇ ಬರುತ್ತಾರೆ. ಸುಮ್ಮನೆ ಕೂರುವುದಿಲ್ಲ, ಹುಡುಕುತ್ತಾರೆ. ಹುಡುಕುವವರ ಕೈಗೆ ಏನಾದರೂ ಸಿಗಬೇಕು. ಅದಕ್ಕೆ ಅವರಿಗಾಗಿಯೇ ಒಂದು ಸುಳ್ಳು ಟ್ವಿಸ್ಟ್‌ನ ಜಾಡು ಬಿಟ್ಟಿದ್ದೆವು. ಹಳದಿ ಮಾತ್ರೆಯ ಕ್ಲೋಸಪ್ ಸ್ವಲ್ಪ ಜಾಸ್ತಿ ಹೊತ್ತು ಇದ್ದದ್ದು ಅದಕ್ಕೇ. ತಾವು ಜಾಣರು ಅಂತ ಅನಿಸಿದ ಮೇಲೆ ಜನ ಬೇರೆ ಕಡೆ ನೋಡುವುದನ್ನು ನಿಲ್ಲಿಸುತ್ತಾರೆ. ನಾನೂ ಪ್ರೇಕ್ಷಕನಾಗಿ ಎಷ್ಟೋ ಸಲ ಹೀಗೇ ಬಿದ್ದಿದ್ದೇನೆ, ಬಿದ್ದಾಗ ಖುಷಿಯೂ ಪಟ್ಟಿದ್ದೇನೆ.

ಆ ಪ್ರದರ್ಶನದಲ್ಲಿ ಇನ್ನೊಂದು ವಿಷಯ ಕಂಡಿತು. ಟ್ವಿಸ್ಟ್ ಕೊನೆಯ ಐದು ನಿಮಿಷದಲ್ಲಿತ್ತು. ಶಾಕ್ ಏನೋ ಚೆನ್ನಾಗಿಯೇ ಆಯಿತು. ಆದರೆ ಜನ ತಲೆಯಲ್ಲಿ ಹಿಂದಕ್ಕೆ ಓಡುವ ಹೊತ್ತಿಗೆ ಟೈಟಲ್ ಕಾರ್ಡ್ ಬಂದು ಲೈಟ್ ಹಾಕಿಬಿಟ್ಟರು. ಅಕ್ಕನ ಮೇಲೆ ಪ್ರೀತಿ ಹುಟ್ಟಲು ಸಮಯವೇ ಸಿಗಲಿಲ್ಲ. ನಾನು ಟ್ವಿಸ್ಟನ್ನು ಸುಮಾರು ಇಪ್ಪತ್ತು ನಿಮಿಷ ಮುಂಚೆಗೆ ತರೋಣ ಅಂದೆ. ಕೋಣೆಯಲ್ಲಿ ಒಬ್ಬರೂ ಒಪ್ಪಲಿಲ್ಲ. ನಿರ್ಮಾಪಕರು ‘ಗುಟ್ಟು ಗೊತ್ತಾದ ಮೇಲೆ ಇಪ್ಪತ್ತು ನಿಮಿಷ ಏನು ನೋಡ್ಬೇಕು ಸ್ವಾಮಿ?’ ಅಂದರು.

ನಾನು ಮತ್ತೆ ಹಿಚ್‌ಕಾಕ್ ಹೆಸರನ್ನೇ ಎತ್ತಿದೆ. ಅವನ ಬಾಂಬಿನ ಮಾತು ಗೊತ್ತಿರಬಹುದು. ಟೇಬಲ್ ಕೆಳಗೆ ಬಾಂಬ್ ಇರುವುದು ಯಾರಿಗೂ ಗೊತ್ತಿಲ್ಲದೆ ಸಿಡಿದರೆ ಹದಿನೈದು ಸೆಕೆಂಡಿನ ಅಚ್ಚರಿ. ಬಾಂಬ್ ಇದೆ ಅಂತ ಪ್ರೇಕ್ಷಕರಿಗೆ ಮೊದಲೇ ತಿಳಿಸಿ, ಟೇಬಲ್ ಮುಂದೆ ಕೂತವರು ಆರಾಮಾಗಿ ಹರಟುತ್ತಿದ್ದರೆ ಹದಿನೈದು ನಿಮಿಷದ ತಳಮಳ. 1958ರ ‘ವರ್ಟಿಗೋ’ದಲ್ಲಿ ಅವನು ಇದನ್ನೇ ಮಾಡಿದ. ಮೂಲ ಕಾದಂಬರಿಯಲ್ಲಿ ಗುಟ್ಟು ಕೊನೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಸಿನಿಮಾದಲ್ಲಿ ಮೂರರಲ್ಲಿ ಎರಡು ಭಾಗ ಮುಗಿದಾಗಲೇ ಪ್ರೇಕ್ಷಕರಿಗೆ ಹೇಳಿಬಿಡುತ್ತಾನೆ, ನಾಯಕನಿಗೆ ಹೇಳುವುದಿಲ್ಲ. ಜೊತೆಗಿದ್ದವರು ಬೇಡ ಅಂದರೂ ಕೇಳಲಿಲ್ಲವಂತೆ.

ನಮ್ಮಲ್ಲೂ ಹಾಗೇ ಮಾಡಿದೆವು. ಪ್ರೇಕ್ಷಕರಿಗೆ ನಿಜ ಗೊತ್ತು, ತಂಗಿಗೆ ಗೊತ್ತಿಲ್ಲ. ಈಗ ಮತ್ತೆ ಮಾತ್ರೆಯ ಸೀನ್ ಬರುತ್ತದೆ. ಅದೇ ಟೇಬಲ್, ಅದೇ ಹಳದಿ, ಅದೇ ಬಿಳಿ. ತಂಗಿ ನಗುತ್ತಾ ‘ನಂದು ಬರೀ ವಿಟಮಿನ್’ ಅನ್ನುತ್ತಾಳೆ. ಮುಂದಿನ ಪ್ರದರ್ಶನದಲ್ಲಿ ಈ ಮಾತು ಬಂದಾಗ ಮೂರನೇ ಸಾಲಿನಲ್ಲಿ ಕೂತಿದ್ದ ಒಬ್ಬರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಈ ಸಲ ಅಕ್ಕನ ಉಸಿರನ್ನು ನಾನು ಪೂರ್ತಿ ಬಿಟ್ಟಿದ್ದೆ. ನಿರ್ಮಾಪಕರು ಆಮೇಲೆ ಆ ಮಾತು ಎತ್ತಲಿಲ್ಲ.

ಸಿನಿಮಾ ಬಿಡುಗಡೆಯಾದ ಮೇಲೆ ಒಂದು ಮಾತು ಖಂಡಿತ ಕಿವಿಗೆ ಬೀಳುತ್ತದೆ: ‘ನಂಗೆ ಮೊದಲೇ ಗೊತ್ತಿತ್ತು.’ ಗೆಳೆಯರು, ನೆಂಟರು, ಪಕ್ಕದ ಮನೆಯವರು, ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ! ಬಾರುಕ್ ಫಿಶ್‌ಹಾಫ್ ಎಂಬ ಮನಶ್ಶಾಸ್ತ್ರಜ್ಞ 1975ರಲ್ಲಿ ಇದರ ಮೇಲೆ ಪ್ರಯೋಗ ಮಾಡಿ ತೋರಿಸಿದ್ದಾನೆ. ಫಲಿತಾಂಶ ತಿಳಿದ ಮೇಲೆ ಅದು ಹಾಗೇ ಆಗಬೇಕಿತ್ತು, ತಮಗೆ ಮುಂಚೆಯೇ ಹೊಳೆದಿತ್ತು ಅಂತ ಜನರಿಗೆ ಪ್ರಾಮಾಣಿಕವಾಗಿಯೇ ಅನಿಸುತ್ತದೆ. ನನಗಂತೂ ಈ ಮಾತು ಕೇಳಿದರೆ ಬೇಜಾರಿಲ್ಲ. ಹಾಗೆ ಹೇಳುವವರು ಸಾಕ್ಷಿಗೆ ಒಂದಾದರೂ ಸುಳಿವು ಹೇಳುತ್ತಾರೆ, ಅದು ನಾವು ಇಟ್ಟ ಸುಳಿವೇ ಆಗಿರುತ್ತದೆ. ಫ್ರಿಜ್ ಮೇಲಿನ ಚೀಟಿಯನ್ನು ನಿಜವಾಗಿಯೂ ಮೊದಲ ಸಲವೇ ಓದಿದ ಒಬ್ಬ ಹುಡುಗಿ ಸಿಕ್ಕಿದ್ದಳು. ‘ಪ್ರಾಪ್ಸ್‌ನವರ ತಪ್ಪು ಅಂದ್ಕೊಂಡು ಬಿಟ್ಟೆ’ ಅಂದಳು. ಅದನ್ನು ಕಲಾ ನಿರ್ದೇಶಕರಿಗೆ ಹೇಳಿದೆ, ನಗಲೋ ಅಳಲೋ ಅಂದರು.

ಸ್ಪಾಯ್ಲರ್ ಬಗ್ಗೆ ಕೇಳುತ್ತಾರೆ. ಗುಟ್ಟು ಗೊತ್ತಾದರೆ ಸಿನಿಮಾ ಹಾಳಾಗುತ್ತದಾ? 2011ರಲ್ಲಿ ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟನ್‌ಫೆಲ್ಡ್ ಎಂಬ ಮನಶ್ಶಾಸ್ತ್ರಜ್ಞರು ಸಣ್ಣಕಥೆಗಳನ್ನು ಓದಿಸಿ ನೋಡಿದರು. ಅಂತ್ಯ ಮೊದಲೇ ತಿಳಿದು ಓದಿದವರೇ ಸ್ವಲ್ಪ ಹೆಚ್ಚು ಇಷ್ಟಪಟ್ಟರು, ಟ್ವಿಸ್ಟ್ ಇರುವ ಕಥೆಗಳಲ್ಲೂ. ಆಮೇಲಿನ ಕೆಲವು ಅಧ್ಯಯನಗಳಲ್ಲಿ ಉಲ್ಟಾ ಫಲಿತಾಂಶವೂ ಬಂದಿದೆ. ನನ್ನ ಅನಿಸಿಕೆ, ಒಳ್ಳೆಯ ಥ್ರಿಲ್ಲರ್ ಸ್ಪಾಯ್ಲರ್‌ನಿಂದ ಸಾಯುವುದಿಲ್ಲ. ಆದರೆ ನೋಡುವವರಿಗೆ ಎರಡು ಸಲ ನೋಡುವ ಹಕ್ಕಿದೆ, ಒಮ್ಮೆ ಗೊತ್ತಿಲ್ಲದೆ, ಒಮ್ಮೆ ಗೊತ್ತಿದ್ದು. ಮೊದಲನೆಯದು ಒಂದೇ ಸಲ ಸಿಗುವುದು. ಅದನ್ನು ಕಿತ್ತುಕೊಳ್ಳಬಾರದು ಅಷ್ಟೇ. 1955ರ ಫ್ರೆಂಚ್ ಸಿನಿಮಾ ‘ಡಯಬೋಲಿಕ್’ ತನ್ನ ಕೊನೆಯಲ್ಲಿ, ನೀವು ಕಂಡದ್ದನ್ನು ಸ್ನೇಹಿತರಿಗೆ ಹೇಳಬೇಡಿ ಅಂತ ತೆರೆ ಮೇಲೆಯೇ ಬರೆದು ಕೇಳಿಕೊಂಡಿತ್ತು. 1960ರಲ್ಲಿ ಹಿಚ್‌ಕಾಕ್‌ನ ‘ಸೈಕೋ’ ಬಂದಾಗ ಶೋ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಅಂತ ಥಿಯೇಟರ್‌ಗಳಿಗೆ ಕಟ್ಟಪ್ಪಣೆ ಆಗಿತ್ತು. ಈಗ ಅಂಥ ಅಪ್ಪಣೆ ನಡೆಯುವುದಿಲ್ಲ, ಫೋನ್ ಎಲ್ಲರ ಕೈಯಲ್ಲೂ ಇದೆ.

ಈಗಿನ ದೊಡ್ಡ ಸ್ಪಾಯ್ಲರ್ ನಮ್ಮದೇ ಟ್ರೇಲರ್. ಥ್ರಿಲ್ಲರ್ ಕತ್ತರಿಸಿದರೆ ಅದರ ಟ್ರೇಲರನ್ನೂ ನಾನೇ ಕತ್ತರಿಸುತ್ತೇನೆ ಅಂತ ಕೆಲಸ ಒಪ್ಪಿಕೊಳ್ಳುವಾಗಲೇ ಹೇಳಿಬಿಡುತ್ತೇನೆ. ಬೇರೆಯವರಿಗೆ ಕೊಟ್ಟರೆ ಸಿನಿಮಾದ ಅತಿ ಜೋರಾದ ಶಾಟ್‌ಗಳನ್ನು ಹೆಕ್ಕುತ್ತಾರೆ. ಅವು ಕೊನೆಯ ಇಪ್ಪತ್ತು ನಿಮಿಷದಲ್ಲೇ ಇರುತ್ತವೆ. ‘ಸೈಕೋ’ ಟ್ರೇಲರಿನಲ್ಲಿ ಹಿಚ್‌ಕಾಕ್ ಸೆಟ್ಟಿನಲ್ಲಿ ಓಡಾಡಿಕೊಂಡು ಆರು ನಿಮಿಷಕ್ಕೂ ಹೆಚ್ಚು ಹೊತ್ತು ಹರಟುತ್ತಾನೆ. ಕೊನೆಗೆ ಶವರ್ ಪರದೆ ಸರಿಸಿದಾಗ ಕಿರುಚುವವಳು ಸಿನಿಮಾದ ಶವರ್ ಸೀನಿನಲ್ಲಿರುವ ಜಾನೆಟ್ ಲೀ ಅಲ್ಲ, ವಿಗ್ ಹಾಕಿಕೊಂಡ ವೆರಾ ಮೈಲ್ಸ್. ನಾನು ಅಷ್ಟು ದೂರ ಹೋಗಲಿಲ್ಲ. ನಮ್ಮ ಟ್ರೇಲರಿಗೆ ಸಿನಿಮಾದಲ್ಲಿ ಬಳಸದೆ ಬಿಟ್ಟ ಟೇಕ್‌ಗಳನ್ನು ತೆಗೆದುಕೊಂಡೆ. ಅಕ್ಕನ ಭಯದ ಮುಖ ಅಲ್ಲಿ ಕೆಲಸಕ್ಕೆ ಬಂತು. ಜಾಹೀರಾತಿಗೆ ನನ್ನ ಹಟ ಅನ್ವಯಿಸುವುದಿಲ್ಲ. ಆ ಶಾಟ್ ಸಿನಿಮಾದಲ್ಲಿ ಎಲ್ಲೂ ಸಿಗಲಿಲ್ಲ ಅಂತ ಒಂದಿಬ್ಬರು ಬೈದರು. ಅವರು ಅಷ್ಟು ಗಮನವಿಟ್ಟು ಹುಡುಕಿದ್ದಾರೆ ಅಂದಮೇಲೆ ಬೈಯಲಿ ಬಿಡಿ.